ಇಪ್ಪತ್ತನಾಲ್ಕು ಗಂಟೆ, ಎರಡು ಕೈ: ನಮ್ಮ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ನಾವು ಹತ್ತು ಹನ್ನೆರಡು ಜನ ತಿಂಗಳಿಗೊಂದು ಭಾನುವಾರ ಯಾರದಾದರೂ ಮನೆಯ ಮಹಡಿ ಮೇಲೆ ಸೇರುತ್ತೇವೆ. ಒಂದು ಪುಸ್ತಕ, ಒಂದು ಪುಟ್ಟಿ ಕಡ್ಲೆಪುರಿ, ಎರಡು ಸಲ ಕಾಫಿ, ಅಷ್ಟೇ. ಈ ಸಲದ ಪುಸ್ತಕ ಆರಿಸಿದ್ದು ನಾನು. ಸಣ್ಣದು, ಒಂದೇ ಸಂಜೆಗೆ ಮುಗಿಯುತ್ತೆ ಅಂದುಕೊಂಡಿದ್ದೆ. ಮೂರು ಭಾನುವಾರ ಹಿಡಿಯಿತು. ಅದಾದ ಮೇಲೂ ಫೋನಿನಲ್ಲಿ, ತರಕಾರಿ ಅಂಗಡಿ ಮುಂದೆ, ಒಮ್ಮೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಿರುವಾಗಲೂ ಅವೇ ಪ್ರಶ್ನೆಗಳು ಬಂದವು. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಹೇಳಿ ನನಗೇ ಗೊಂದಲವಾಯಿತು. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಕಥೆಯ ಕೊನೆಯೂ ಇದರಲ್ಲೇ ಇದೆ. ಮೊದಲು ಪುಸ್ತಕ ಓದಬೇಕು ಅನ್ನುವವರು ಇಲ್ಲಿಗೇ ನಿಲ್ಲಿಸಿ, ಓದಿ ಬನ್ನಿ.

ಯಾವ ಪುಸ್ತಕ ಇದು?

ಸ್ಟೀಫನ್ ಜ್ವೈಗ್ ಬರೆದ ಕಿರುಕಾದಂಬರಿ. ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ಹೆಣ್ಣೊಬ್ಬಳ ಬದುಕಿನ ಇಪ್ಪತ್ತನಾಲ್ಕು ಗಂಟೆ’. ಮೂಲ ಜರ್ಮನ್. 1927ರಲ್ಲಿ ಬಂದ ಒಂದು ಸಂಕಲನದಲ್ಲಿ ಇನ್ನೆರಡು ನೀಳ್ಗತೆಗಳ ಜೊತೆ ಇದೂ ಇತ್ತು. ಆ ಸಂಕಲನದ ಹೆಸರಿಗೆ ‘ಭಾವನೆಗಳ ಗೊಂದಲ’ ಅಂತ ಅರ್ಥ. ನಾವು ಓದಿದ್ದು ಆಂಥಿಯಾ ಬೆಲ್ ಮಾಡಿದ ಇಂಗ್ಲಿಷ್ ಅನುವಾದ.

ಜ್ವೈಗ್ ಹುಟ್ಟಿದ್ದು 1881ರಲ್ಲಿ, ವಿಯೆನ್ನಾದ ಅನುಕೂಲವಂತ ಯಹೂದಿ ಮನೆಯಲ್ಲಿ. ಎರಡು ಮಹಾಯುದ್ಧಗಳ ನಡುವೆ ಯುರೋಪಿನಲ್ಲಿ ತುಂಬಾ ಓದಿಸಿಕೊಂಡ ಲೇಖಕರಲ್ಲಿ ಅವನೊಬ್ಬ. 1933ರಲ್ಲಿ ಜರ್ಮನಿಯಲ್ಲಿ ನಾಜಿಗಳು ರಾಶಿ ಹಾಕಿ ಸುಟ್ಟ ಪುಸ್ತಕಗಳಲ್ಲಿ ಅವನವೂ ಇದ್ದವು. ಮರುವರ್ಷ ಆಸ್ಟ್ರಿಯದ ಮನೆ ಬಿಟ್ಟು ಲಂಡನ್ನಿಗೆ ಹೋದ, ಕೊನೆಗೆ ಬ್ರೆಜಿಲ್ ಸೇರಿದ. 1942ರ ಫೆಬ್ರವರಿಯಲ್ಲಿ ಅಲ್ಲಿನ ಪೆಟ್ರೊಪೊಲಿಸ್‌ನಲ್ಲಿ ಗಂಡ ಹೆಂಡತಿ ಇಬ್ಬರೂ ತಮ್ಮ ಜೀವ ತಾವೇ ತೆಗೆದುಕೊಂಡರು.

ಜ್ವೈಗ್ ಅಂತಲೇ ಹೇಳಬೇಕಾ?

ಜರ್ಮನ್ನರ ಬಾಯಲ್ಲಿ ಅದು ಸುಮಾರಾಗಿ ‘ತ್ಸ್ವೈಗ್’. ಕೊಂಬೆ ಅಂತ ಅರ್ಥ. ನಮ್ಮ ಗುಂಪಿನ ಮೇಷ್ಟ್ರೊಬ್ಬರು ಮೂರು ಭಾನುವಾರವೂ ‘ಸ್ವೀಗ್’ ಅಂದರು. ಯಾರಿಗೂ ತೊಂದರೆ ಆಗಲಿಲ್ಲ.

ಕಥೆ ಏನು? ಚಿಕ್ಕದಾಗಿ ಹೇಳಿ.

ಮೊದಲನೇ ಮಹಾಯುದ್ಧಕ್ಕೆ ಹತ್ತು ವರ್ಷ ಮುಂಚೆ. ಫ್ರಾನ್ಸಿನ ದಕ್ಷಿಣದ ಸಮುದ್ರತೀರದಲ್ಲಿ ಒಂದು ಸಣ್ಣ ವಸತಿಗೃಹ. ಅಲ್ಲಿ ಲಿಯಾನ್ ಕಡೆಯ ಒಬ್ಬ ಸಾಹುಕಾರ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳ ಜೊತೆ ಬಂದು ಇಳಿದಿದ್ದಾನೆ. ಒಬ್ಬ ಚೆಲುವ ಯುವಕ ಬರುತ್ತಾನೆ, ಎಲ್ಲರ ಜೊತೆ ನಗುತ್ತಾ ಟೆನ್ನಿಸ್ ಆಡುತ್ತಾನೆ. ಬಂದ ಮಾರನೇ ದಿನವೇ ಆ ಸಾಹುಕಾರನ ಹೆಂಡತಿ ಆನ್ರಿಯೆಟ್ ಅವನ ಜೊತೆ ಹೊರಟುಹೋಗುತ್ತಾಳೆ. ಊಟದ ಮೇಜಿನ ಸುತ್ತ ದೊಡ್ಡ ಜಗಳ. “ಒಂದೇ ದಿನದಲ್ಲಿ ಹೀಗಾಗಲು ಸಾಧ್ಯವೇ ಇಲ್ಲ, ಮುಂಚಿನಿಂದ ಸಂಬಂಧ ಇದ್ದೇ ಇರುತ್ತೆ” ಅಂತ ಎಲ್ಲರೂ. ಕಥೆ ಹೇಳುವವನು ಮಾತ್ರ, ಆಗಬಹುದು, ಅವಳನ್ನು ನಾನು ಕೀಳಾಗಿ ಕಾಣಲಾರೆ ಅನ್ನುತ್ತಾನೆ.

ಅದನ್ನು ಕೇಳಿಸಿಕೊಂಡ ಅರವತ್ತೇಳು ವರ್ಷದ ಇಂಗ್ಲಿಷ್ ಹೆಂಗಸು ಅವನನ್ನು ತನ್ನ ಕೋಣೆಗೆ ಕರೆಯುತ್ತಾಳೆ. ಪುಸ್ತಕದಲ್ಲಿ ಆಕೆಗೆ ಪೂರ್ತಿ ಹೆಸರಿಲ್ಲ, ಮಿಸೆಸ್ ಸಿ ಅಷ್ಟೇ. ಇಪ್ಪತ್ತೈದು ವರ್ಷ ಯಾರಿಗೂ ಹೇಳದ ಒಂದು ದಿನವನ್ನು ಆಕೆ ಅವನ ಮುಂದೆ ಬಿಚ್ಚಿಡುತ್ತಾಳೆ.

ಆಗ ಆಕೆಗೆ ನಲವತ್ತೆರಡು. ಗಂಡ ತೀರಿಕೊಂಡಿದ್ದಾನೆ, ಗಂಡುಮಕ್ಕಳಿಬ್ಬರೂ ದೊಡ್ಡವರಾಗಿದ್ದಾರೆ. ಹೊತ್ತು ಹೋಗದೆ ಊರೂರು ತಿರುಗುತ್ತಾ ಮಾಂಟೆ ಕಾರ್ಲೊಗೆ ಬರುತ್ತಾಳೆ. ಅಲ್ಲಿನ ಕ್ಯಾಸಿನೊದಲ್ಲಿ ಒಬ್ಬ ಹುಡುಗ ಇದ್ದಬದ್ದದ್ದನ್ನೆಲ್ಲ ಸೋತು, ಸಾಯುವವನ ಹಾಗೆ ಎದ್ದು ಹೋಗುವುದನ್ನು ನೋಡುತ್ತಾಳೆ. ಹಿಂದೆ ಹೋಗುತ್ತಾಳೆ. ಹೊರಗೆ ಬೆಂಚಿನ ಮೇಲೆ ಅವನು ಸುರಿಯುವ ಮಳೆಯಲ್ಲಿ ನೆನೆಯುತ್ತಾ ಬಿದ್ದಿದ್ದಾನೆ. ಎಬ್ಬಿಸಿ ಒಂದು ಅಗ್ಗದ ಹೋಟೆಲಿಗೆ ಕರೆದುಕೊಂಡು ಹೋಗುತ್ತಾಳೆ. ಬಾಗಿಲಲ್ಲಿ ಬಿಟ್ಟು ಬರಬೇಕು ಅಂತಲೇ ಹೋದದ್ದು. ಬರಲಿಲ್ಲ.

ಮಾರನೇ ದಿನ ಇಬ್ಬರೂ ಗಾಡಿಯಲ್ಲಿ ಸುತ್ತಾಡುತ್ತಾರೆ. ಒಂದು ಸಣ್ಣ ಚರ್ಚಿನಲ್ಲಿ ಅವನು ಇನ್ನೆಂದೂ ಜೂಜಾಡುವುದಿಲ್ಲ ಅಂತ ಆಣೆ ಮಾಡುತ್ತಾನೆ. ಊರಿಗೆ ಹೋಗಲು ಆಕೆ ದುಡ್ಡು ಕೊಡುತ್ತಾಳೆ. ಅವತ್ತು ರಾತ್ರಿ ಅದೇ ಕ್ಯಾಸಿನೊದ ಅದೇ ಮೇಜಿನಲ್ಲಿ ಅವನು ಆಕೆಯ ದುಡ್ಡು ಇಟ್ಟು ಆಡುತ್ತಾ ಸಿಕ್ಕಿಬೀಳುತ್ತಾನೆ. ಎಲ್ಲರ ಎದುರು ಕೂಗಾಡಿ ನೋಟುಗಳನ್ನು ಆಕೆಯ ಮುಖದ ಕಡೆ ಎಸೆಯುತ್ತಾನೆ.

‘ಚಿಕ್ಕದಾಗಿ’ ಅಂದಿರಿ. ಇಷ್ಟಾಯಿತು.

ಶುರುವಲ್ಲಿ ಓಡಿಹೋದ ಆನ್ರಿಯೆಟ್ ಆಮೇಲೆ ಎಲ್ಲಿ?

ಎಲ್ಲೂ ಇಲ್ಲ. ಅವಳ ಕೆಲಸ ಬಾಗಿಲು ತೆಗೆಯುವುದು. ಅವಳ ಬಗ್ಗೆ ಯಾರು ಏನಂದರು ಅನ್ನುವುದನ್ನು ನೋಡಿಕೊಂಡು ಮಿಸೆಸ್ ಸಿ ತನ್ನ ಕಥೆ ಯಾರ ಮುಂದೆ ಹೇಳಬಹುದು ಅಂತ ಲೆಕ್ಕ ಹಾಕುತ್ತಾಳೆ. ನಮ್ಮಲ್ಲೂ ಅಷ್ಟೇ ಅಲ್ವಾ? ಪಕ್ಕದ ಬೀದಿಯ ಹುಡುಗಿ ಬಗ್ಗೆ ಅತ್ತಿಗೆ ಏನಂದಳು ಅಂತ ಕೇಳಿಸಿಕೊಂಡ ಮೇಲೆ, ಅತ್ತಿಗೆಗೆ ನಮ್ಮ ಗುಟ್ಟು ಹೇಳಬೇಕೋ ಬೇಡವೋ ಅಂತ ತೀರ್ಮಾನ ಮಾಡುತ್ತೇವೆ.

ಬರೀ ಕೈಗಳ ಬಗ್ಗೆ ಅಷ್ಟೊಂದು ಪುಟ ಯಾಕೆ?

ಇದು ಎಲ್ಲರೂ ಕೇಳಿದ ಪ್ರಶ್ನೆ. ಕೆಲವರು ಆ ಪುಟಗಳನ್ನು ಹಾರಿಸಿದ್ದೂ ಉಂಟು. ನನ್ನ ಮಾತು ಕೇಳಿ, ವಾಪಸ್ ಹೋಗಿ ಓದಿ.

ಮಿಸೆಸ್ ಸಿಯ ಗಂಡನಿಗೆ ಹಸ್ತ ನೋಡುವ ಹುಚ್ಚು. ಜೂಜುಕಟ್ಟೆಯಲ್ಲಿ ಯಾರ ಮುಖವನ್ನೂ ನೋಡಬೇಡ, ಕೈ ನೋಡು ಅಂತ ಆಕೆಗೆ ಕಲಿಸಿಕೊಟ್ಟವನು ಅವನು. ಜೂಜಾಡುವವರು ಮುಖವನ್ನು ಹತೋಟಿಯಲ್ಲಿ ಇಟ್ಟುಕೊಂಡಿರುತ್ತಾರೆ. ಕೈ ಕಡೆ ಅವರಿಗೆ ಗಮನವೇ ಇರುವುದಿಲ್ಲ. ಹಸಿರು ಬಟ್ಟೆ ಹಾಸಿದ ಮೇಜಿನ ಸುತ್ತ ಹತ್ತಾರು ಕೈಗಳು, ಒಂದೊಂದಕ್ಕೂ ಒಂದೊಂದು ಗುಣ. ಅವುಗಳ ನಡುವೆ ಆಕೆ ಎರಡು ಕೈ ನೋಡುತ್ತಾಳೆ. ಕಚ್ಚಾಡುವ ಎರಡು ಪ್ರಾಣಿಗಳ ಹಾಗೆ ಒಂದನ್ನೊಂದು ಹಿಡಿದುಕೊಂಡಿವೆ. ಬೆರಳ ಗೆಣ್ಣುಗಳು ಕಾಯಿ ಒಡೆದ ಹಾಗೆ ಲಟಕ್ ಅನ್ನುತ್ತವೆ. ಅವನು ಸೋತ ಕ್ಷಣ ಎರಡೂ ಮೇಜಿನ ಮೇಲೆ ಸತ್ತ ಹಾಗೆ ಬೀಳುತ್ತವೆ. ಆಕೆ ಮೊದಲು ಕೈಗಳಿಗೆ ಸೋತಳು. ಮುಖ ನೋಡಿದ್ದು ಆಮೇಲೆ.

ಓದುವಾಗ ನನಗೆ ಸಿದ್ಧಗಂಗೆಯ ದನಗಳ ಜಾತ್ರೆ ನೆನಪಾಯಿತು. ಶಿವರಾತ್ರಿ ಹೊತ್ತಿಗೆ ಸೇರುವ ಜಾತ್ರೆ. ನಮ್ಮ ದೊಡ್ಡಪ್ಪ ಹಳ್ಳಿಕಾರ್ ಜೋಡಿ ಕೊಳ್ಳಲು ಹೋದಾಗ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಆಗ ನನಗೆ ಎಂಟೋ ಒಂಬತ್ತೋ. ಹಲ್ಲು ನೋಡಿದರು, ಸುಳಿ ನೋಡಿದರು, ನಾಲ್ಕು ಹೆಜ್ಜೆ ನಡೆಸಿ ನೋಡಿದರು. ವ್ಯಾಪಾರದ ಮಾತು ಬಂದ ಕೂಡಲೇ ಇಬ್ಬರೂ ಬಾಯಿ ಮುಚ್ಚಿದರು. ದಲ್ಲಾಳಿ ಹೆಗಲ ಮೇಲಿನ ಟವಲ್ ತೆಗೆದು ಇಬ್ಬರ ಕೈಗಳ ಮೇಲೆ ಹಾಕಿದ. ಅದರ ಕೆಳಗೆ ಬೆರಳು ಅದುಮಿ ಬೆಲೆ ಕೇಳುವುದು, ಬೆರಳು ಬಿಡಿಸಿಕೊಂಡು ಆಗಲ್ಲ ಅನ್ನುವುದು. ಸುತ್ತ ನಿಂತವರಿಗೆ ಏನೂ ಗೊತ್ತಾಗಬಾರದು, ಅದಕ್ಕೇ ಟವಲ್. ದೊಡ್ಡಪ್ಪನ ಮುಖ ನೋಡಿದರೆ ಎಲೆ ಅಡಿಕೆ ಮೆಲ್ಲುತ್ತಾ ಎತ್ತಲೋ ನೋಡುತ್ತಿದ್ದಾರೆ, ಎತ್ತು ಬೇಕಾಗಿಯೇ ಇಲ್ಲ ಅನ್ನುವ ಹಾಗೆ. ನಾನು ಕುಳ್ಳ. ನನ್ನ ಕಣ್ಣು ಟವಲ್ಲಿಗಿಂತ ಕೆಳಗಿತ್ತು. ಅಲ್ಲಿ ಅವರ ಹೆಬ್ಬೆರಳು ತರತರ ನಡುಗುತ್ತಿತ್ತು. ಆ ಜೋಡಿ ಅವರಿಗೆ ಎಷ್ಟು ಬೇಕಾಗಿತ್ತು ಅನ್ನುವುದು ಮಾರುವವನಿಗೂ ನನಗೂ ಮಾತ್ರ ಗೊತ್ತಾಯಿತು. ಹಾಗಾಗಿ ಬೆಲೆಯೂ ಜಾಸ್ತಿಯೇ ಆಯಿತು.

ಜ್ವೈಗ್ ಆ ಟವಲ್ ತೆಗೆದುಬಿಡುತ್ತಾನೆ. ಅಷ್ಟೇ ವ್ಯತ್ಯಾಸ.

ಕಾದಂಬರಿ ಉದ್ದಕ್ಕೂ ಕೈ ಬಿಟ್ಟುಹೋಗುವುದಿಲ್ಲ, ಗಮನಿಸಿ. ಬೆಂಚಿನಿಂದ ಹುಡುಗನನ್ನು ಎಬ್ಬಿಸುವ ಕೈ, ಆಣೆ ಮಾಡುವ ಕೈ, ಥ್ಯಾಂಕ್ಸ್ ಹೇಳಿ ಮುತ್ತಿಡುವಾಗ ಹಿಡಿದ ಕೈ, ನೋಟು ಎಸೆಯುವ ಕೈ. ಕೊನೇ ಸಾಲಿನಲ್ಲೂ ಇರುವುದು ಮುದುಕಿಯ ಒಣಗಿದ ಕೈಯೇ.

ನಲವತ್ತೆರಡು ವರ್ಷದ, ದೊಡ್ಡ ಮಕ್ಕಳಿರುವ ಹೆಂಗಸು ಒಂದು ರಾತ್ರಿಯಲ್ಲಿ ಹೀಗೆ ಬದಲಾಗುತ್ತಾಳಾ?

ಇದನ್ನು ಕೇಳಿದವರಲ್ಲಿ ಗಂಡಸರೇ ಜಾಸ್ತಿ. ನಮ್ಮ ಗುಂಪಿನಲ್ಲಿ ಅರವತ್ತು ದಾಟಿದ ಅಮ್ಮನವರೊಬ್ಬರಿದ್ದಾರೆ, ಮಾತು ಕಡಿಮೆ. ಅವರು ಅಂದದ್ದು ಇಷ್ಟು: “ನಲವತ್ತೆರಡು ಅಂದ್ರೆ ಏನ್ ವಯಸ್ಸಪ್ಪಾ ಅದು? ಅಮ್ಮಾ ಹಸಿವು ಅಂತ ಮಕ್ಕಳು ಕೇಳೋದು ನಿಲ್ಲಿಸಿರ್ತಾರೆ. ಅಷ್ಟೇ.” ನನಗೆ ಇದಕ್ಕಿಂತ ಒಳ್ಳೆಯ ಉತ್ತರ ಹೊಳೆದಿಲ್ಲ. ಮಿಸೆಸ್ ಸಿಗೆ ಆಗ ಇದ್ದ ಕಷ್ಟ ದುಡ್ಡಿನದಲ್ಲ, ಮರ್ಯಾದೆಯದಲ್ಲ. ಆಕೆ ಯಾರಿಗೂ ಬೇಕಾಗಿರಲಿಲ್ಲ. ಅಂಥ ಹೊತ್ತಿನಲ್ಲಿ ಒಬ್ಬನ ಪ್ರಾಣವೇ ಆಕೆಯ ಕೈಗೆ ಬಂದು ಬಿತ್ತು.

ಕನ್ನಡದವರಿಗಂತೂ ಇದು ಹೊಸದಲ್ಲ. ಕವಿ ಜನ್ನ ‘ಯಶೋಧರ ಚರಿತೆ’ಯಲ್ಲಿ 1209ರಲ್ಲೇ ಬರೆದಿಟ್ಟಿದ್ದಾನೆ. ಅಮೃತಮತಿ ರಾಣಿ, ಪಕ್ಕದಲ್ಲಿ ಚೆಲುವ ರಾಜ. ರಾತ್ರಿ ಆನೆ ಲಾಯದ ಕಡೆಯಿಂದ ಮಾವುತ ಅಷ್ಟಾವಂಕನ ಹಾಡು ಕೇಳುತ್ತೆ. ಅಷ್ಟೇ ಸಾಕಾಯಿತು. ಅವನು ಎಷ್ಟು ಕುರೂಪಿ ಅಂತ ಸಖಿ ನೋಡಿ ಬಂದು ಹೇಳಿದರೂ ಅವಳ ಮನಸ್ಸು ತಿರುಗಲಿಲ್ಲ. ಅವಳು ಕಿವಿಯಿಂದ ಸೋತಳು, ಈಕೆ ಕಣ್ಣಿಂದ. ಆದರೆ ಜನ್ನನ ಕಾವ್ಯದಲ್ಲಿ ಕರ್ಮದ ಲೆಕ್ಕ ಕಟ್ಟುನಿಟ್ಟು. ಅಮೃತಮತಿ ಗಂಡನಿಗೂ ಅತ್ತೆಗೂ ವಿಷ ಹಾಕುತ್ತಾಳೆ, ನರಕಕ್ಕೆ ಹೋಗುತ್ತಾಳೆ. ಜ್ವೈಗ್ ಈಕೆಗೆ ಯಾವ ಶಿಕ್ಷೆಯನ್ನೂ ಕೊಡುವುದಿಲ್ಲ. ಇಪ್ಪತ್ತೈದು ವರ್ಷ ದಿನಾ ಅದನ್ನೇ ನೆನೆಯುತ್ತಾ ತನಗೆ ತಾನೇ ಶಿಕ್ಷೆ ಕೊಟ್ಟುಕೊಂಡವಳು ಆಕೆ.

ಆಕೆಗೆ ಅವನ ಮೇಲೆ ಇದ್ದದ್ದು ತಾಯಿ ಕರುಣೆ ಅಲ್ವಾ?

ಹಾಗಂತ ಆಕೆಯೂ ಬಹಳ ಹೊತ್ತು ನಂಬಿದ್ದಳು. ಬೆಳಗ್ಗೆ ಮಗುವಿನ ಹಾಗೆ ಮಲಗಿದ್ದ ಅವನ ಮುಖ ನೋಡಿ, ಒಂದು ಜೀವ ಉಳಿಸಿದೆ ಅಂತ ಸಂತೋಷ ಪಡುತ್ತಾಳೆ. ಅವನು ಆಕೆಯ ಮಗನ ಓರಗೆಯವನು.

ಇದೇ ಎಳೆ ಹಿಡಿದು ವಿಯೆನ್ನಾದ ಮನೋವೈದ್ಯ ಸಿಗ್ಮಂಡ್ ಫ್ರಾಯ್ಡ್ ಇನ್ನೂ ಮುಂದೆ ಹೋದ. ಅವನೂ ಜ್ವೈಗನೂ ಸ್ನೇಹಿತರು. 1928ರಲ್ಲಿ ಫ್ರಾಯ್ಡ್ ರಷ್ಯದ ಕಾದಂಬರಿಕಾರ ದೊಸ್ತಯೆವ್‌ಸ್ಕಿಯ ಬಗ್ಗೆ ಒಂದು ಪ್ರಬಂಧ ಬರೆದ. ದೊಸ್ತಯೆವ್‌ಸ್ಕಿಗೂ ಜೂಜಿನ ಹುಚ್ಚಿತ್ತಲ್ಲ, ಆ ನೆಪದಲ್ಲಿ ಈ ಕಥೆಯನ್ನು ಎತ್ತಿಕೊಂಡ. ಅವನ ಪ್ರಕಾರ ಇದರ ಬುಡದಲ್ಲಿರುವುದು ಹರೆಯದ ಹುಡುಗನ ಒಂದು ಕನಸು, ತಾಯಿಯೇ ಬಂದು ತನ್ನನ್ನು ಕೆಟ್ಟ ಚಟದಿಂದ ಬಿಡಿಸಲಿ ಅನ್ನುವಂಥದ್ದು. ಜೂಜು ಬರೀ ಹೊರಗಿನ ವೇಷ, ಒಳಗಿನ ಚಟ ಹಸ್ತಮೈಥುನ. ಕೈಗಳ ಮೇಲೆ ಅಷ್ಟು ಒತ್ತು ಇರುವುದೂ ಅದಕ್ಕೇ ಅಂತ ಅವನ ವಾದ. ಇದನ್ನು ಓದಿ ಹೇಳಿದಾಗ ನಮ್ಮ ಮಹಡಿ ಮೇಲೆ ಐದು ನಿಮಿಷ ಬರೀ ಕಡ್ಲೆಪುರಿ ಜಗಿಯುವ ಸದ್ದು.

ತಮಾಷೆ ಅಂದರೆ, ಇದನ್ನು ಜ್ವೈಗನ ಹತ್ತಿರ ಕೇಳಿದಾಗ ಅಂಥದ್ದು ತನ್ನ ತಲೆಯಲ್ಲೇ ಇರಲಿಲ್ಲ ಅಂತ ಅವನು ಹೇಳಿದ. ಆ ಮಾತನ್ನೂ ಫ್ರಾಯ್ಡೇ ಪ್ರಬಂಧದಲ್ಲಿ ಬರೆದಿದ್ದಾನೆ. ನನಗೆ ಫ್ರಾಯ್ಡನ ಓದು ಜಾಣತನದ್ದು ಅನ್ನಿಸುತ್ತೆ, ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಅವನು ಹುಡುಗನ ಕನಸು ನೋಡಿದ. ಕಥೆ ಹೇಳುತ್ತಿರುವುದು ಹೆಂಗಸು.

ಹಾಗಾದರೆ ಮನಸ್ಸಿನ ಒಳಗಿನ ಹೊಯ್ದಾಟ ಇರುವುದು ಎಲ್ಲಿ? ರಾತ್ರಿ ಹೋಟೆಲಿನಲ್ಲಾ?

ಅಲ್ಲ. ಅಲ್ಲಿ ಹೊಯ್ದಾಟಕ್ಕೆ ಸಮಯವೇ ಇಲ್ಲ. ಒಂದು ಮಾತು ಹೇಳಬೇಕು ಅಂತ ಇಷ್ಟು ಬರೆದೆ, ಅದು ಇಲ್ಲಿದೆ.

ಮಾರನೇ ದಿನ ಮಧ್ಯಾಹ್ನ. ಆಣೆ ಆಗಿದೆ, ಸಂಜೆ ರೈಲಿಗೆ ಅವನು ಊರಿಗೆ ಹೋಗುವುದು ಅಂತ ಆಗಿದೆ. ಅವನ ಕಣ್ಣಲ್ಲಿ ನೀರು. ದೇವರ ಮುಂದೆ ನಿಂತ ಹಾಗೆ ನಿಂತು ಆಕೆಯ ಕೈಗೆ ಮುತ್ತಿಟ್ಟು, ಹೇಳಿದ ಹಾಗೆಯೇ ಹೊರಟುಹೋಗುತ್ತಾನೆ. ಆಕೆ ಬಯಸಿದ್ದೂ ಇದನ್ನೇ ಅಲ್ವಾ? ಹುಡುಗ ಉಳಿದ, ಬುದ್ಧಿ ಬಂತು, ಒಳ್ಳೆಯವನಾದ. ಆದರೆ ಆಕೆಗೆ ಎದೆಯಲ್ಲಿ ಚಳುಕು ಎದ್ದ ಹಾಗಾಗುತ್ತೆ. ಯಾಕೆ ಅಂತ ಆಗ ಗೊತ್ತಾಗುವುದಿಲ್ಲ. ಇಪ್ಪತ್ತೈದು ವರ್ಷದ ಮೇಲೆ ಇನ್ನೊಬ್ಬರ ಮುಂದೆ ಬಾಯಿ ಬಿಟ್ಟು ಹೇಳುವಾಗ, ತಡವರಿಸಿ, ನಾಚಿ, ಆ ಕಾರಣ ಹೇಳುತ್ತಾಳೆ. ಅವನು ನನ್ನನ್ನು ತಡೆಯಲಿಲ್ಲ. ಇರು ಅನ್ನಲಿಲ್ಲ. ಅವನ ಕಣ್ಣಿಗೆ ನಾನು ದೇವತೆಯಾಗಿದ್ದೆ, ಹೆಣ್ಣಾಗಿರಲಿಲ್ಲ.

ಕೈ ಮುಗಿದವನು ಕೈ ಹಿಡಿಯಲಿಲ್ಲ.

ಅವನು ಒಂದು ಮಾತು ಅಂದಿದ್ದರೆ ಮನೆ, ಮಕ್ಕಳು, ಹೆಸರು, ಎಲ್ಲ ಬಿಟ್ಟು ಹಿಂದೆ ಹೋಗುತ್ತಿದ್ದೆ ಅಂತ ಆಕೆಗೆ ಆಗ ಹೊಳೆಯುತ್ತೆ. ಅಂದರೆ ಆನ್ರಿಯೆಟ್ ಮಾಡಿದ್ದನ್ನೇ. ಅವನು ಅನ್ನದಿದ್ದರೂ ಹೋಗಿಯೇಬಿಡುವುದು ಅಂತ ಸಾಮಾನು ಕಟ್ಟುತ್ತಾಳೆ. ಅಷ್ಟರಲ್ಲಿ ಗಂಡನ ಕಡೆಯ ಒಬ್ಬ ನೆಂಟಳು ಅಡ್ಡ ಸಿಕ್ಕಿ ಮಾತಿಗೆ ಹಿಡಿಯುತ್ತಾಳೆ. ಬಿಡಿಸಿಕೊಂಡು ಸ್ಟೇಷನ್ನಿಗೆ ಓಡಿದರೆ ರೈಲು ಹೊರಟಾಗಿದೆ.

ಊರಿನಲ್ಲಿ ಬಸ್ ಸ್ಟ್ಯಾಂಡಿಗೆ ಹೊರಟಾಗ ಸರಿಯಾಗಿ ಎದುರು ಬಂದು “ಏನಮ್ಮಾ, ಎಲ್ಲಿಗೆ ಹೊರಟೆ, ಮಗನಿಗೆ ಹೆಣ್ಣು ನೋಡಿದ್ರಾ?” ಅಂತ ನಿಲ್ಲಿಸುವ ಅತ್ತೆಯಂದಿರು ನಮಗೂ ಇದ್ದಾರೆ. ಅವರಿಂದ ಎಷ್ಟು ಜನರ ಬದುಕು ಉಳಿದಿದೆಯೋ, ಎಷ್ಟು ಜನರದ್ದು ತಪ್ಪಿದೆಯೋ.

ಹಾಗಾಗಿ ಆಕೆ ಮುಚ್ಚಿಟ್ಟ ಗುಟ್ಟು ರಾತ್ರಿಯದು ಅಂತ ಓದಬೇಡಿ. ರಾತ್ರಿಗೆ ಮಳೆ, ಸಾವು, ಕರುಣೆ ಅಂತ ನೂರು ನೆಪ ಇವೆ. ಮಧ್ಯಾಹ್ನದ ಆಸೆಗೆ ಒಂದೂ ನೆಪವಿಲ್ಲ. ಹೇಳಲು ಆಕೆಗೆ ಕಷ್ಟವಾದದ್ದು ಅದು.

ಚರ್ಚಿನಲ್ಲಿ ಆಣೆ ಮಾಡಿ ಅವತ್ತೇ ಮುರಿದನಲ್ಲ, ಅವನೆಂಥ ಮೋಸಗಾರ?

ಮೋಸಗಾರ ಅನ್ನುವುದು ಸುಲಭ. ನನಗೆ ಹಾಗೆ ಕಾಣಲಿಲ್ಲ.

ನಮ್ಮ ಕಡೆ ಯುಗಾದಿಗೆ ಇಸ್ಪೀಟು ಆಡುವುದು ಗೊತ್ತಲ್ಲ. ಹಬ್ಬದ ಮೂರು ದಿನ ಅರಳಿಕಟ್ಟೆ ಮೇಲೆ ಅಂದರ್ ಬಾಹರ್. ದೊಡ್ಡವರೂ ಕಂಡೂ ಕಾಣದ ಹಾಗಿರುತ್ತಾರೆ. ನಮ್ಮೂರಲ್ಲಿ ಒಬ್ಬರು ತಿಪಟೂರಿನಲ್ಲಿ ಕೊಬ್ಬರಿ ಹಾಕಿ ಬಂದ ದುಡ್ಡನ್ನು ಹಾಗೇ ಜೇಬಿನಲ್ಲಿ ಇಟ್ಟುಕೊಂಡು ಕೂತರು. ಬೆಳಗಾಗುವುದರಲ್ಲಿ ಅಷ್ಟೂ ಹೋಯಿತು. ಮನೆ ದೇವರ ಮುಂದೆ ಕರ್ಪೂರ ಹಚ್ಚಿ, ಅದರ ಮೇಲೆ ಕೈಯಿಟ್ಟು ಆಣೆ ಮಾಡಿದರು. ಆ ಆಣೆ ಸುಳ್ಳಲ್ಲ. ಹನ್ನೊಂದು ತಿಂಗಳು ಒಂದು ಎಲೆ ಮುಟ್ಟಲಿಲ್ಲ. ಮುಂದಿನ ಯುಗಾದಿಗೆ “ಸುಮ್ನೆ ನೋಡ್ತೀನಿ” ಅಂತ ಕಟ್ಟೆ ಹತ್ತಿರ ನಿಂತರು. ಆಮೇಲೆ ಕೂತರು. ಆಣೆ ಮಾಡಿದವರೂ ಅವರೇ, ಕೂತವರೂ ಅವರೇ. ಎರಡೂ ಹೊತ್ತಿನಲ್ಲಿ ಅವರು ನಿಜವಾಗಿಯೇ ಇದ್ದರು.

ಹುಡುಗನದೂ ಅದೇ. ಪೋಲೆಂಡ್ ಕಡೆಯ ಒಳ್ಳೆ ಮನೆತನದವನು, ರಾಯಭಾರದ ಕೆಲಸಕ್ಕೆ ಓದುತ್ತಿದ್ದವನು. ಮೊದಲ ಸಲ ಕುದುರೆ ರೇಸಿನಲ್ಲಿ ಗೆದ್ದ, ಅಲ್ಲೇ ಕೆಟ್ಟ. ದೊಡ್ಡಮ್ಮನ ಮುತ್ತಿನ ಒಡವೆ ಕದ್ದು ಅಡ ಇಡುವ ತನಕ ಬಂದ. ಎರಡನೇ ರಾತ್ರಿ ಆಕೆ ಭುಜ ಮುಟ್ಟಿ ಕರೆದಾಗ ಅವನಿಗೆ ಮೊದಲು ಗುರುತೇ ಸಿಗುವುದಿಲ್ಲ. ಹಿಂದಿನ ರಾತ್ರಿ ಪ್ರಾಣ ಉಳಿಸಿದವಳ ಗುರುತು. ಆ ಪುಟ ಓದಿದಾಗ ಅವನ ಮೇಲೆ ಸಿಟ್ಟು ಬರಲಿಲ್ಲ, ಮೈ ಜುಮ್ಮೆಂದಿತು.

ಆ ಹುಡುಗ ಆಡುವ ರೂಲೆಟ್ ಆಟ ಹೇಗೆ? ಗೆಲ್ಲಲು ಆಗುವುದೇ ಇಲ್ಲವಾ?

ಒಂದು ಚಕ್ರ. ಅದರಲ್ಲಿ ಸೊನ್ನೆಯಿಂದ 36ರ ತನಕ 37 ಮನೆ. ಸಣ್ಣ ಗುಂಡು ಉರುಳಿ ಒಂದು ಮನೆಯಲ್ಲಿ ಕೂರುತ್ತೆ. ನೀವು ಒಂದು ಸಂಖ್ಯೆಗೆ ಕಟ್ಟಿ ಗೆದ್ದರೆ ಕಟ್ಟಿದ್ದರ ಜೊತೆ ಅದರ 35 ಪಟ್ಟು ಕೊಡುತ್ತಾರೆ. ಮನೆ 37, ಕೊಡುವುದು 35. ಆ ಸೊನ್ನೆಯ ಮನೆಯೇ ಕ್ಯಾಸಿನೊದವರ ಹೊಟ್ಟೆಪಾಡು. ಲೆಕ್ಕ ಹಾಕಿದರೆ ನೂರು ರೂಪಾಯಿ ಕಟ್ಟಿದಾಗ ಸರಾಸರಿ 2 ರೂಪಾಯಿ 70 ಪೈಸೆ ಅವರಿಗೆ. ಕಡಿಮೆ ಅನ್ನಿಸುತ್ತೆ. ರಾತ್ರಿಯಿಡೀ ಕಟ್ಟುತ್ತಾ ಇದ್ದರೆ ಕಡಿಮೆ ಅಲ್ಲ.

ಮಾಂಟೆ ಕಾರ್ಲೊ ಇರುವುದು ಮೊನಾಕೊ ಅನ್ನುವ ಪುಟ್ಟ ದೇಶದಲ್ಲಿ. ಆ ದೇಶದ ಪ್ರಜೆಗಳಿಗೇ ಅಲ್ಲಿನ ಕ್ಯಾಸಿನೊದಲ್ಲಿ ಆಡಲು ಅವಕಾಶವಿಲ್ಲ. ಮಾಡಿದವರಿಗೆ ಅಡುಗೆ ಗೊತ್ತಿರುತ್ತೆ.

ನಮ್ಮಲ್ಲಿ 2007ರಲ್ಲಿ ಲಾಟರಿ ನಿಂತಿತು, 2025ರ ಆಗಸ್ಟಿನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು ಪಾಸು ಮಾಡಿತು. ಕಾನೂನಿನ ಮಾತು ಅಷ್ಟಕ್ಕೆ ಸಾಕು. ಬೆಂಗಳೂರಿನಿಂದ ಬರುವ ಸಂಜೆ ರೈಲಿನಲ್ಲಿ ಫೋನ್ ಹಿಡಿದವರ ಹೆಬ್ಬೆರಳು ನೋಡಿ ಅಂತ ನಮ್ಮ ಗುಂಪಿನ ಹುಡುಗನೊಬ್ಬ ಹೇಳಿದ. ನಾನೂ ನೋಡಿದೆ. ಮುಖ ತಣ್ಣಗಿರುತ್ತೆ.

ಗಂಡಸು ಬರೆದ ಹೆಣ್ಣಿನ ಮನಸ್ಸು. ನಂಬಬಹುದಾ?

ಅಲ್ಲಲ್ಲಿ ಜ್ವೈಗ್ ಅತಿ ಮಾಡುತ್ತಾನೆ. ಒಂದು ಮಾತು ಸಾಕಾದ ಕಡೆ ಮೂರು ಹೋಲಿಕೆ ತರುತ್ತಾನೆ. ಕಥೆಯೊಳಗೆ ಆಕೆಯೂ ಗಂಡಸೊಬ್ಬನಿಗೇ ಹೇಳುತ್ತಿರುವುದು, ಅವನೇ ಅದನ್ನು ನಮಗೆ ದಾಟಿಸುವುದು. ಒಂದು ಮಾತು ಎರಡು ಗಂಡಸರ ಕೈ ದಾಟಿ ಬಂದಿದೆ ಅಂತ ನೆನಪಿಟ್ಟುಕೊಂಡು ಓದಿ. ಆದರೂ ಮಧ್ಯಾಹ್ನದ ಆ ಮಾತನ್ನು ಓದಿದ ಹೆಂಗಸರು ಯಾರೂ ಸುಳ್ಳು ಅನ್ನಲಿಲ್ಲ. ನನಗೆ ಅಷ್ಟು ಸಾಕು.

ಜ್ವೈಗ್‌ಗೂ ಭಾರತಕ್ಕೂ ಏನಾದರೂ ಸಂಬಂಧ ಉಂಟಾ?

ಉಂಟು. 1908ರ ಕೊನೆಯಲ್ಲಿ ಹೊರಟು ಈ ಕಡೆ ಬಂದಿದ್ದ. ಗ್ವಾಲಿಯರ್, ಕಾಶಿ, ಕಲ್ಕತ್ತ ನೋಡಿದ. ಆಮೇಲೆ ವಿರಾಟ ಅನ್ನುವ ಭಾರತದ ಯೋಧನೊಬ್ಬನ ಕಥೆ ಬರೆದ. ಯುದ್ಧದಲ್ಲಿ ಗೊತ್ತಿಲ್ಲದೆ ಅಣ್ಣನನ್ನೇ ಕೊಂದವನು, ಕೊನೆಗೆ ರಾಜನ ನಾಯಿಗಳನ್ನು ನೋಡಿಕೊಳ್ಳುವವನಾಗಿ ಸಾಯುತ್ತಾನೆ.

ಈ ಕಾದಂಬರಿಯಲ್ಲೂ ಒಂದು ಸಣ್ಣ ಎಳೆ ಇದೆ. ಮಿಸೆಸ್ ಸಿಯ ಗಂಡ ಹತ್ತು ವರ್ಷ ಭಾರತದಲ್ಲಿ ಸೈನ್ಯದಲ್ಲಿದ್ದವನು. ಇಲ್ಲಿನ ಸೆಕೆಯಲ್ಲಿ ಅಂಟಿಕೊಂಡ ಪಿತ್ತಜನಕಾಂಗದ ಕಾಯಿಲೆಯೇ ಕೊನೆಗೆ ಅವನನ್ನು ತೆಗೆದುಕೊಂಡು ಹೋಯಿತು.

ಸಿನಿಮಾ ಆಗಿದೆಯಾ?

ಹಲವು ಸಲ. 1931ರಲ್ಲಿ ಜರ್ಮನಿಯಲ್ಲಿ, 1952ರಲ್ಲಿ ಇಂಗ್ಲೆಂಡಿನಲ್ಲಿ ನಟಿ ಮರ್ಲ್ ಓಬೆರಾನ್ ಜೊತೆ, 1968ರಲ್ಲಿ ಫ್ರೆಂಚಿನಲ್ಲಿ. ಮೊದಲು ಪುಸ್ತಕ ಓದಿ.

ಇಷ್ಟು ವರ್ಷ ಮುಚ್ಚಿಟ್ಟವಳು ಅಪರಿಚಿತನಿಗೆ ಯಾಕೆ ಹೇಳಿದಳು?

ಅಪರಿಚಿತ ಅನ್ನುವುದಕ್ಕೇ ಹೇಳಿದಳು. ಮಕ್ಕಳಿಗೆ ಹೇಳುವ ಹಾಗಿಲ್ಲ. ಆಕೆ ಆಂಗ್ಲಿಕನ್ ಪಂಥದವಳು, ಕ್ಯಾಥೊಲಿಕರ ಹಾಗೆ ಪಾದ್ರಿಯ ಮುಂದೆ ತಪ್ಪೊಪ್ಪಿಕೊಂಡು ಹಗುರಾಗುವ ದಾರಿ ಇಲ್ಲ ಅಂತ ಅವಳೇ ಹೇಳಿಕೊಳ್ಳುತ್ತಾಳೆ. ಆನ್ರಿಯೆಟ್ ವಿಷಯದಲ್ಲಿ ಈ ಮನುಷ್ಯ ತೀರ್ಪು ಕೊಡಲಿಲ್ಲ. ಸಾಕಾಯಿತು.

ಹುಡುಗನ ಗತಿ ಏನಾಯಿತು ಅಂತಲೂ ಆಕೆಗೆ ಎಷ್ಟೋ ವರ್ಷ ಗೊತ್ತಿರಲಿಲ್ಲ. ಒಂದು ಕೂಟದಲ್ಲಿ ಪೋಲೆಂಡಿನ ಯುವಕನೊಬ್ಬ ಸಿಕ್ಕ. ಆ ಮನೆತನದ ಬಗ್ಗೆ ಕೇಳಿದಳು. ಆ ಮನೆಯ ಮಗ ಹತ್ತು ವರ್ಷದ ಹಿಂದೆಯೇ ಮಾಂಟೆ ಕಾರ್ಲೊದಲ್ಲಿ ಗುಂಡು ಹಾರಿಸಿಕೊಂಡು ಸತ್ತ ಅಂತ ಅವನು ಹೇಳಿದ. ಕೇಳಿ ಆಕೆ ಅಳಲಿಲ್ಲ. ಇನ್ನು ಅವನೆಲ್ಲಿ ಎದುರಾಗುತ್ತಾನೋ ಅನ್ನುವ ಭಯ ಹೋಯಿತು ಅಂತ ಒಳಗೊಳಗೇ ಸಮಾಧಾನವಾಯಿತು. ಈ ಜಾಗ ನಮ್ಮಲ್ಲಿ ಕೆಲವರಿಗೆ ಹಿಡಿಸಲಿಲ್ಲ, ಕಲ್ಲು ಮನಸ್ಸು ಅಂದರು. ನನಗೆ ಕಾದಂಬರಿಯಲ್ಲಿ ಎಲ್ಲಕ್ಕಿಂತ ನಿಜ ಅನ್ನಿಸಿದ ಸಾಲು ಅದು.

ಕಥೆ ಮುಗಿದಾಗ ಕೇಳಿದವನಿಗೆ ಮಾತು ಹೊರಡುವುದಿಲ್ಲ. ಬಗ್ಗಿ ಆಕೆಯ ಕೈಗೆ ಮುತ್ತಿಡುತ್ತಾನೆ. ಆ ಕೈ ಉದುರುವ ಕಾಲದ ಎಲೆಯ ಹಾಗೆ ಮೆಲ್ಲಗೆ ನಡುಗುತ್ತಿರುತ್ತೆ.

ಓದಲು ಎಷ್ಟು ಹೊತ್ತು ಬೇಕು? ಅಮ್ಮನಿಗೆ ಕೊಡಬಹುದಾ?

ನೂರು ಪುಟದ ಆಸುಪಾಸು. ತುಮಕೂರಿನಿಂದ ಬೆಂಗಳೂರಿಗೆ ಹೋಗಿ ಬರುವ ರೈಲಿನಲ್ಲಿ ಮುಗಿಯುತ್ತೆ, ಸೀಟು ಸಿಕ್ಕರೆ. ಅಧ್ಯಾಯಗಳಿಲ್ಲ, ಮಧ್ಯೆ ನಿಲ್ಲಿಸಲು ಜಾಗ ಸಿಗುವುದಿಲ್ಲ. ಅಮ್ಮನಿಗೆ ಧಾರಾಳವಾಗಿ ಕೊಡಿ. ಓದಿದ ಮೇಲೆ ಹೇಗಿತ್ತು ಅಂತ ಹಿಂದೆ ಬಿದ್ದು ಕೇಳಬೇಡಿ, ಅಷ್ಟೇ.

ಮುಂದಿನ ತಿಂಗಳು ಯಾವ ಪುಸ್ತಕ?

ಈ ಸಲ ಆರಿಸುವುದು ನಾನಲ್ಲ. ಆ ಅರವತ್ತು ದಾಟಿದ ಅಮ್ಮನವರು. ಲೋಟ ತೊಳೆದಿಟ್ಟು ಹೊರಡುವಾಗ “ನಂದೊಂದಿದೆ” ಅಂದರು. ಹೆಸರು ಇನ್ನೂ ಹೇಳಿಲ್ಲ.